ಸಿಲಿಂಡರಿನ ಮೇಲೊಂದು ಗೆರೆ

ಅಮೆರಿಕದಲ್ಲಿ ಹಳೆಯ ಕೋಲ್ಟ್ ಪೈಥಾನ್ ರಿವಾಲ್ವರ್ ಮಾರಲು ಹೊರಟವರು ಅದರ ಪಕ್ಕದಲ್ಲಿ ತಪ್ಪದೆ ಬರೆಯುವ ಮಾತೊಂದಿದೆ: 'ಅನ್‌ಫೈರ್ಡ್'. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಒಂದು ಗುಂಡನ್ನೂ ಹಾರಿಸಿಲ್ಲವಂತೆ! ಹಾರ್ಟ್‌ಫರ್ಡಿನ ಕೋಲ್ಟ್ ಕಾರ್ಖಾನೆ ಬಿಡುವ ಮುಂಚೆಯೇ ಅದಕ್ಕೆ ಗುಂಡು ತುಂಬಿ ಹೊಡೆದು ನೋಡಿರುತ್ತಾರೆ. ತ್ರಿಕೋನದೊಳಗೆ 'ವಿಪಿ' ಎಂಬ ಪುಟ್ಟ ಮುದ್ರೆ ಬಿದ್ದಿರುವುದೇ ಆ ಪರೀಕ್ಷೆಯಲ್ಲಿ ಪಾಸಾಯಿತು ಅಂತ. ಮಾರುವವನಿಗೂ ಇದು ಗೊತ್ತು, ಕೊಳ್ಳುವವನಿಗೂ ಗೊತ್ತು. ಆದರೂ ಆ ಒಂದು ಪದಕ್ಕೆ ಇಬ್ಬರೂ ಗಂಭೀರ ಮುಖ ಮಾಡಿಕೊಂಡು ದುಡ್ಡು ಎಣಿಸುತ್ತಾರೆ.

ಪೈಥಾನ್ ಬಂದದ್ದು 1955ರಲ್ಲಿ. ಆಗ ಬೆಲೆ 125 ಡಾಲರ್. ಆರು ಗುಂಡು, .357 ಮ್ಯಾಗ್ನಂ, ಬ್ಯಾರಲ್ಲಿನ ಮೇಲೆ ಗಾಳಿಕಿಂಡಿಗಳಿರುವ ಪಟ್ಟಿ, ಹಿಡಿಗೆ ವಾಲ್ನಟ್ ಮರ. ಎಲ್ಲಕ್ಕಿಂತ ಮಿಗಿಲಾಗಿ ಆ 'ರಾಯಲ್ ಬ್ಲೂ' ಬಣ್ಣ. ಬಣ್ಣದ ಗುಟ್ಟು ಬಣ್ಣದಲ್ಲಿಲ್ಲ, ಅದಕ್ಕೂ ಮುಂಚಿನ ಪಾಲಿಶ್‌ನಲ್ಲಿದೆ. ಉಕ್ಕನ್ನು ಮುಖ ಕಾಣುವಷ್ಟು ಉಜ್ಜಿ ಆಮೇಲೆ ನೀಲಿಗಟ್ಟಿಸುತ್ತಿದ್ದರು. ಕೈಕೆಲಸ ಜಾಸ್ತಿ, ಖರ್ಚೂ ಜಾಸ್ತಿ. ಕಂಪನಿ ಕೊನೆಗೆ ಸುಸ್ತಾಗಿ ಈ ಶತಮಾನದ ಮೊದಲ ವರ್ಷಗಳಲ್ಲಿ ತಯಾರಿಕೆಯನ್ನೇ ಕೈಬಿಟ್ಟಿತು. ಅಂಗಡಿಯಲ್ಲಿ ಸಿಗುವುದು ನಿಂತ ಮೇಲೆ ಎಲ್ಲರಿಗೂ ಬೇಕಾಯಿತು. ಅಲ್ಲಿಂದ ಶುರುವಾಯಿತು ನೋಡಿ, ಹೊಡೆಯೋದೋ ಇಡೋದೋ ಎಂಬ ತಕರಾರು.

ಆ ತಕರಾರೆಲ್ಲ ನಿಂತಿರುವುದು ಒಂದು ಗೆರೆಯ ಮೇಲೆ. ಗುಂಡು ಕೂರುವ ಆರು ಕೋಣೆಗಳಿರುವ, ತಿರುಗುವ ಉರುಳೆಯೇ ಸಿಲಿಂಡರ್. ಅದರ ಹೊರಮೈಯಲ್ಲಿ ಆರು ಕಚ್ಚುಗಳಿವೆ. ಅದರ ಕೆಳಗೆ, ಫ್ರೇಮಿನಿಂದ ತಲೆ ಎತ್ತಿರುವ ಚಿಕ್ಕ ಉಕ್ಕಿನ ನಾಲಿಗೆ, ಕೋಲ್ಟ್ ಭಾಷೆಯಲ್ಲಿ ಬೋಲ್ಟ್. ಹಿಂದುಗಡೆಯ ಹ್ಯಾಮರ್, ಅಂದರೆ ಗುಂಡು ಹಾರಿಸಲು ಬಡಿಯುವ ಸುತ್ತಿಗೆ, ಎಳೆದಾಗ ನಾಲಿಗೆ ಒಳಗೆ ಸರಿಯುತ್ತದೆ, ಸಿಲಿಂಡರ್ ತಿರುಗುತ್ತದೆ, ಮುಂದಿನ ಕಚ್ಚು ಬರುವಷ್ಟರಲ್ಲಿ ನಾಲಿಗೆ ಮತ್ತೆ ಮೇಲೆದ್ದು ಕೂರುತ್ತದೆ. ಕಚ್ಚಿನ ಮುಂದೆ ಕೊರೆದಿರುವ ಇಳಿಜಾರಿನಲ್ಲೇ ಅದು ಬಿದ್ದರೆ ಸರಿ. ಕೂದಲೆಳೆಯಷ್ಟು ಮುಂಚೆ ಎದ್ದರೂ ಬಣ್ಣ ಉಜ್ಜಿಹೋಗಿ ಸುತ್ತಲೂ ಮಾಸಲು ಗೆರೆ ಮೂಡುತ್ತದೆ. ಇದೇ 'ಟರ್ನ್ ಲೈನ್'. ಇದನ್ನು ಹುಡುಕಲು ಜನ ಭೂತಗನ್ನಡಿ ತರುತ್ತಾರೆ, ಟಾರ್ಚ್ ತರುತ್ತಾರೆ. ಸಿಕ್ಕಿದರೆ 'ಛೆ' ಅನ್ನುತ್ತಾರೆ. ಆ 'ಛೆ'ಯ ಬೆಲೆ ನೂರಾರು ಡಾಲರ್.

ಗುಂಡು ಹೊಡೆಯದೆಯೂ ಈ ಗೆರೆ ಬರಬಹುದು. ಸಿಲಿಂಡರನ್ನು ಎರಡು ಕಚ್ಚುಗಳ ನಡುವೆ ಎಲ್ಲೋ ಮುಚ್ಚಿ, ಕೂರಲಿ ಅಂತ ಬೆರಳಿನಿಂದ ತಿರುಗಿಸಿದರೆ, ಎದ್ದು ನಿಂತ ನಾಲಿಗೆ ದಾರಿಯುದ್ದಕ್ಕೂ ಗೀರುತ್ತಾ ಬರುತ್ತದೆ. ಕಚ್ಚು ನಾಲಿಗೆಗೆ ಎದುರಾಗುವಂತೆ ನೋಡಿಕೊಂಡು ಮುಚ್ಚಿದರೆ ಈ ಕಾಟವಿಲ್ಲ. ಆದರೆ ನೋಡಲು ಬಂದ ಅತಿಥಿಗೆ ಇದನ್ನು ಹೇಳುವವರು ಯಾರು?

ಅತಿಥಿ! ಸಂಗ್ರಹಕಾರರ ಪಾಲಿನ ನಿಜವಾದ ತುಕ್ಕು ಅವನೇ. ಕಪಾಟು ತೆಗೆದು, ಬಟ್ಟೆ ಬಿಡಿಸಿ, ಎರಡು ಕೈಯಲ್ಲಿ ಹಿಡಿದು ಕೊಟ್ಟದ್ದನ್ನು ಅವನು ಒಂದೇ ಕೈಯಲ್ಲಿ ಇಸಿದುಕೊಳ್ಳುತ್ತಾನೆ. ಮೊದಲು ತೂಕ ನೋಡುತ್ತಾನೆ. ಮೀನಿನ ಅಂಗಡಿಯಲ್ಲೂ ಅಷ್ಟು ಹೊತ್ತು ನೋಡಿರುವುದಿಲ್ಲ. ಸಿಲಿಂಡರ್ ಬಿಡಿಸುವ ಲ್ಯಾಚನ್ನು ಮುಂದಕ್ಕೆ ಒತ್ತುತ್ತಾನೆ, ಏಕೆಂದರೆ ಅವನು ಕಂಡಿರುವುದು ಸ್ಮಿತ್ ಅಂಡ್ ವೆಸನ್. ಕೋಲ್ಟಿನಲ್ಲಿ ಹಿಂದಕ್ಕೆ ಎಳೆಯಬೇಕು. ಒತ್ತಿ ಒತ್ತಿ ಸೋತು, 'ಜಾಮ್ ಆಗಿದೆಯಲ್ಲ' ಎಂದು ತೀರ್ಪು ಕೊಡುತ್ತಾನೆ. ತೋರಿಸಿಕೊಟ್ಟ ಮೇಲೆ ಸಿಲಿಂಡರ್ ಹೊರಗೆ ಬರುತ್ತದೆ. ಅದನ್ನು ಬೆರಳಿನಿಂದ ಗಿರ್ರನೆ ತಿರುಗಿಸುತ್ತಾನೆ. ಆಮೇಲೆ ಬರುತ್ತದೆ ಆ ಕ್ಷಣ. ಕಣ್ಣು ಕಿರಿದಾಗುತ್ತದೆ. ತುಟಿಯ ಒಂದು ಮೂಲೆ ಮೇಲೇರುತ್ತದೆ. ಮನೆಯವನ ಕೈ ಚಾಚುವ ಮೊದಲೇ ಅವನ ಮಣಿಕಟ್ಟು ಪಕ್ಕಕ್ಕೆ ಒಮ್ಮೆ ಚಿಮ್ಮುತ್ತದೆ: ಟಕ್! ತೆರೆಯ ಮೇಲೆ ಪೊಲೀಸರೂ ಕಳ್ಳರೂ ಮುಚ್ಚುವ ಶೈಲಿ ಅದು.

ಆ 'ಟಕ್'ನಲ್ಲಿ ಏನಾಯಿತು ಎಂದರೆ, ಭಾರವಾದ ಉಕ್ಕಿನ ಸಿಲಿಂಡರ್ ಅಷ್ಟೂ ಜೋರಾಗಿ ಹೋಗಿ ಗುದ್ದಿದ್ದು ಅದನ್ನು ಹೊತ್ತಿರುವ ಸಣ್ಣ ತೋಳಿಗೆ. ಆ ತೋಳಿನ ಹೆಸರು ಕ್ರೇನ್. ಅದು ಕಣ್ಣಿಗೆ ಕಾಣದಷ್ಟು ಬಾಗಿದರೂ ಸಿಲಿಂಡರಿಗೂ ಬ್ಯಾರಲ್ಲಿಗೂ ನಡುವಿನ ಸಂದು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆಗುತ್ತದೆ. ಇಂಚಿನ ಸಾವಿರದಲ್ಲಿ ನಾಲ್ಕೈದು ಭಾಗದಷ್ಟೇ ಇರುವ ಸಂದು ಅದು. ಫೀಲರ್ ಗೇಜ್ ಎಂಬ ತೆಳು ತಗಡಿನ ಅಳತೆಪಟ್ಟಿ ತೂರಿಸಿ ಅಳೆಯಬೇಕು. ಅತಿಥಿ ಮಾತ್ರ ಹಲ್ಲು ಕಿರಿದು, 'ಸೂಪರ್ ಪೀಸ್ ಗುರು' ಎಂದು ಹಿಂದಿರುಗಿಸುತ್ತಾನೆ. ನೀಲಿಯ ಮೇಲೆ ಐದು ಬೆರಳಿನ ಬೆವರಿನ ಗುರುತು ಉಚಿತ.

ಸರಿ, ಹೊಡೆಯುತ್ತೇನೆ ಎನ್ನುವವರು ಮೊದಲು ಟೈಮಿಂಗ್ ನೋಡಿ, ಅಂದರೆ ಸಿಲಿಂಡರ್ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ನಿಲ್ಲುತ್ತದೆಯೇ ಅಂತ. ಸಿಲಿಂಡರ್ ತೆರೆದು ಆರೂ ಕೋಣೆ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಂಡು ಮುಚ್ಚಿ. ಒಂದು ಬೆರಳನ್ನು ಸಿಲಿಂಡರಿಗೆ ಹಗುರವಾಗಿ ತಾಗಿಸಿ, ಹ್ಯಾಮರನ್ನು ನಿಧಾನ ಹಿಂದಕ್ಕೆಳೆಯಿರಿ. ಹ್ಯಾಮರ್ ನಿಲ್ಲುವುದಕ್ಕೆ ಮೊದಲೇ ನಾಲಿಗೆ ಕಚ್ಚಿನಲ್ಲಿ ಕೂತಿರಬೇಕು. ಆರೂ ಕೋಣೆಗೆ ಹೀಗೇ ಮಾಡಿ. ಹ್ಯಾಮರ್ ನಿಂತ ಮೇಲೂ ಸಿಲಿಂಡರಿಗೆ ಇನ್ನೊಂದು ಚೂರು ತಳ್ಳು ಬೇಕಾದರೆ, ಅದನ್ನು ತಿರುಗಿಸುವ 'ಹ್ಯಾಂಡ್' ಎಂಬ ಭಾಗದ ತುದಿ ಸವೆದಿದೆ ಎಂದರ್ಥ. ಟ್ರಿಗರ್ ಎಳೆದಾಗ ಹ್ಯಾಂಡ್ ಸಿಲಿಂಡರನ್ನು ಒತ್ತಿ ಅಲುಗಾಡದಂತೆ ಹಿಡಿಯುವುದೇ ಪೈಥಾನಿನ ಹೆಗ್ಗಳಿಕೆ, ಸವೆಯುವುದೂ ಅದಕ್ಕೇ. ಹಾಗೇ ಹೊಡೆದರೆ ಗುಂಡು ಬ್ಯಾರಲ್ಲಿನ ಹಿಂಬದಿಯ ಬಾಯಿಗೆ ಅಡ್ಡಡ್ಡ ಹೊಕ್ಕು ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಇದನ್ನು ಸರಿಮಾಡಬಲ್ಲ ಕಮ್ಮಾರರು ಬೆರಳೆಣಿಕೆಯಷ್ಟು. 2020ರಲ್ಲಿ ಬಂದ ಹೊಸ ಸ್ಟೇನ್‌ಲೆಸ್ ಪೈಥಾನಿನ ಒಳಭಾಗಗಳನ್ನು ತೆಗೆದು ಹಳೆಯದಕ್ಕೆ ಹಾಕುವ ಹಾಗಿಲ್ಲ.

ಟೈಮಿಂಗ್ ಸರಿಯಿದ್ದರೆ .357ರ ಬದಲು ಅದಕ್ಕಿಂತ ಸೌಮ್ಯವಾದ .38 ಸ್ಪೆಷಲ್ ತೋಟಾ ಹಾಕಿ. ಇದೇ ಕೋಣೆಯಲ್ಲಿ ಧಾರಾಳವಾಗಿ ಕೂರುತ್ತದೆ, ಒದೆತ ಕಡಿಮೆ, ಸವೆತವೂ ಕಡಿಮೆ. ಅದರ ತೋಟಾದ ಲೋಹದ ಕೊಳವೆ .357ರದ್ದಕ್ಕಿಂತ ಸುಮಾರು 3.4 ಮಿ.ಮೀ. ಗಿಡ್ಡ. ಹಾಗಾಗಿ ಕೋಣೆಯ ಮುಂದುಗಡೆ ಮಸಿಯ ಉಂಗುರ ಕಟ್ಟುತ್ತದೆ. ಕಂಚಿನ ಬ್ರಷ್ಷಿನಿಂದ ಉಜ್ಜದೆ ಬಿಟ್ಟು ಮುಂದೆಂದೋ .357 ತುರುಕಿದರೆ ಸಿಕ್ಕಿಕೊಳ್ಳುತ್ತದೆ.

ಇಡುತ್ತೇನೆ ಎನ್ನುವವರೂ ಆರಾಮಾಗಿದ್ದಾರೆ ಎಂದುಕೊಳ್ಳಬೇಡಿ. ಚರ್ಮದ ಚೀಲದಲ್ಲಿಟ್ಟರೆ ಹದ ಮಾಡಿದ ಲವಣವೂ ತೇವವೂ ಸೇರಿ ನೀಲಿಯನ್ನು ತಿನ್ನುತ್ತವೆ. ಸ್ಪಂಜಿನ ಪೆಟ್ಟಿಗೆ ತೇವ ಹೀರಿ ಹಿಡಿದುಕೊಳ್ಳುತ್ತದೆ. ಎಣ್ಣೆ ಹೆಚ್ಚು ಸುರಿದರೆ ವಾಲ್ನಟ್ ಹಿಡಿಗೆ ಇಳಿದು ಮರ ಮೆತ್ತಗಾಗುತ್ತದೆ. ತೆಳುವಾಗಿ ಮೈಕ್ರೋಕ್ರಿಸ್ಟಲೈನ್ ಮೇಣ, ಸಿಲಿಕಾ ಜೆಲ್, ತೇವಾಂಶ ಶೇ. 50ರ ಆಸುಪಾಸು, ಇಷ್ಟೇ ಸಾಕು. ಮಸುಕಾಯಿತೆಂದು ಹೊಸದಾಗಿ ನೀಲಿಗಟ್ಟಿಸಿದಿರೋ, ಸಂಗ್ರಹಕಾರರ ಲೆಕ್ಕದಲ್ಲಿ ನೀವು ಅದನ್ನು ಕೊಂದ ಹಾಗೆ. ರಟ್ಟಿನ ಪೆಟ್ಟಿಗೆ ಬಿಸಾಡಿದ್ದರಂತೂ ನಿಮ್ಮ ಜೊತೆ ಅವರು ಮಾತೇ ಆಡುವುದಿಲ್ಲ. ಪೆಟ್ಟಿಗೆಯ ಮೇಲೂ ರಿವಾಲ್ವರಿನ ಸೀರಿಯಲ್ ನಂಬರೇ ಇರಬೇಕು.

ನಮ್ಮ ಕೊಡಗಿನಲ್ಲಿ ಈ ತಲೆನೋವಿಲ್ಲ. ಆಯುಧ ಪೂಜಿಸುವ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜೆ ಮಾಡುತ್ತಾರೆ, ಹಬ್ಬದ ಊಟ ಮುಗಿಸಿ ಮರದ ಮೇಲಿನ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ದೇವರೂ ಅದೇ, ಆಯುಧವೂ ಅದೇ. ಯಾರೂ ಗೆರೆ ಹುಡುಕುವುದಿಲ್ಲ.

ಒಮ್ಮೊಮ್ಮೆ ಆ ಪಾಲಿಶ್ ಮಾಡಿದವರು ನೆನಪಾಗುತ್ತಾರೆ. ಚಕ್ರದ ಮುಂದೆ ನಿಂತು ಅಂಚು ಉರುಟಾಗದಂತೆ, ಅಕ್ಷರ ಅಳಿಸದಂತೆ ಉಜ್ಜಿದವರು. ಒಳಗಿನ ಭಾಗಗಳನ್ನು ಅರದಿಂದ ಕೈಯಾರೆ ಹೊಂದಿಸಿದವರು. ಅವರ ಕೆಲಸ ಗೊತ್ತಾಗುವುದು ಟ್ರಿಗರ್ ಎಳೆದಾಗ, ಬೆರಳಿನಲ್ಲಿ. ಅದು ಕಪಾಟಿನಿಂದ ಕಪಾಟಿಗೆ, ಅಪ್ಪನಿಂದ ಮಗನಿಗೆ, ಮಗನಿಂದ ಹರಾಜಿಗೆ ಹೋಗುತ್ತಲೇ ಇದೆ. ಯಾವ ಬೆರಳೂ ಎಳೆದಿಲ್ಲ.

ನನ್ನ ಮಾತು ಕೇಳುವುದಾದರೆ, ಪೆಟ್ಟಿಗೆ, ಕಾಗದ, ಗೆರೆಯಿಲ್ಲದ ಸಿಲಿಂಡರ್ ಎಲ್ಲ ಇರುವ ಪೈಥಾನ್ ಕೈಗೆ ಬಂದಿದ್ದರೆ ಹೊಡೆಯಬೇಡಿ, ಮಾರಿಬಿಡಿ. ಅದನ್ನು ನೋಡಿಕೊಳ್ಳುವ ಗೀಳಿನವರು ಬೇಕಾದಷ್ಟಿದ್ದಾರೆ. ಬಂದ ದುಡ್ಡಿನಲ್ಲಿ ಗೆರೆ ಬಿದ್ದ, ಪೆಟ್ಟಿಗೆ ಕಳೆದ, ಟೈಮಿಂಗ್ ಸರಿಯಿರುವ ಇನ್ನೊಂದನ್ನು ಕೊಳ್ಳಿ. ಕೊಳ್ಳುವಾಗ ಟಾರ್ಚ್ ಹಿಡಿದು, ಗೆರೆ ನೋಡಿ, ದೊಡ್ಡದಾಗಿ 'ಛೆ' ಅನ್ನುವುದನ್ನು ಮಾತ್ರ ಮರೆಯಬೇಡಿ. ಇನ್ನೂರು ಡಾಲರ್ ಆದರೂ ಇಳಿಯುತ್ತದೆ.