ತೀರಿಹೋದ ಕಲಾವಿದರಿಗೆ ಸರ್ಕಾರ ಸ್ಮಾರಕ ಕಟ್ಟಿಸಬೇಕಾ?

ಪರ: ಹೋಗಿ ನಿಲ್ಲೋಕೆ ಒಂದು ಜಾಗ ಬೇಕು

ಮೊದಲೇ ಹೇಳಿಬಿಡ್ತೀನಿ. ಬೇಕು ಅನ್ನುವ ಕಡೆ ಬರೆಯಿರಿ ಅಂದರು, ಅದಕ್ಕೆ ಬರೆಯುತ್ತಿದ್ದೇನೆ. ನಾನು ಯಾವ ಅಭಿಮಾನಿ ಸಂಘದಲ್ಲೂ ಇಲ್ಲ, ಕಟೌಟ್‌ಗೆ ಹಾಲು ಸುರಿದವನಲ್ಲ. ಆದರೂ ಬೇಕಾ ಬೇಡವಾ ಒಂದು ಹೇಳು ಅಂದ್ರೆ, ಬೇಕು ಅಂತಾನೇ ಹೇಳೋದು. ಕಾರಣ ಒಂದೇ. ತೀರಿಹೋದವರನ್ನು ನೆನೆಸಿಕೊಳ್ಳೋಕೆ ಹೋಗಿ ನಿಲ್ಲುವ ಜಾಗ ಅಂತ ಒಂದಿರಬೇಕು.

ಸಿನಿಮಾ ಇದೆಯಲ್ಲ, ಮೊಬೈಲ್‌ನಲ್ಲಿ ನೋಡಿಕೊಳ್ಳಿ ಅಂತಾರೆ. ನೋಡ್ತೀವಿ. ಆದರೆ ಅದು ಕೂತಲ್ಲೇ ನೋಡೋದು. ಎದ್ದು ಹೋಗೋದು ಬೇರೆ.

ನಮ್ಮ ಸೋದರಮಾವ ಏಪ್ರಿಲ್ 12 ಬಂತು ಅಂದ್ರೆ ಆರು ಗಂಟೆಗೇ ಎದ್ದು ತಲೆಗೆ ಸ್ನಾನ ಮಾಡಿ, ಎರಡು ಮೊಳ ಸೇವಂತಿಗೆ ಕಟ್ಟಿಸಿಕೊಂಡು ಕಂಠೀರವ ಸ್ಟುಡಿಯೋಗೆ ಹೊರಡುತ್ತಿದ್ದರು. ಅವರ ಅಪ್ಪನ ತಿಥಿ ಯಾವತ್ತು ಅಂತ ಪುರೋಹಿತರು ಫೋನ್ ಮಾಡಿ ನೆನಪಿಸಬೇಕಿತ್ತು. ಅಣ್ಣಾವ್ರು ಹೋದ ದಿನಕ್ಕೆ ಯಾರೂ ನೆನಪಿಸಬೇಕಿರಲಿಲ್ಲ. ಒಂದು ವರ್ಷ ನನ್ನನ್ನೂ ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋದರು. ಬಿಸಿಲಲ್ಲಿ ಒಂದೂವರೆ ಗಂಟೆ ಸಾಲು. ದಾರಿಯುದ್ದಕ್ಕೂ ಸಿನಿಮಾ ಕಥೆ ಹೇಳಿಕೊಂಡು ಬಂದ ಮನುಷ್ಯ, ಸಮಾಧಿ ಹತ್ತಿರ ಬಂದಾಗ ಒಂದು ಮಾತೂ ಆಡಲಿಲ್ಲ. ಹೂವಿಟ್ಟರು, ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡರು, ಹಿಂದಿನವರಿಗೆ ಜಾಗ ಬಿಟ್ಟು ಈಚೆ ಬಂದು "ನಡಿಯೋ, ಇಡ್ಲಿ ತಿನ್ನೋಣ" ಅಂದರು. ಅಷ್ಟೇ. ಆ ಅರ್ಧ ನಿಮಿಷಕ್ಕೆ ಅವರು ವರ್ಷವಿಡೀ ಕಾಯುತ್ತಿದ್ದರು. ಅದನ್ನು ಯೂಟ್ಯೂಬ್‌ನಲ್ಲಿ ಎಲ್ಲಿ ಅಂತ ಹುಡುಕ್ತೀರಿ?

ಸರ್ಕಾರವೇ ಯಾಕೆ ಕಟ್ಟಿಸಬೇಕು, ಅಭಿಮಾನಿಗಳು ಕಟ್ಟಿಕೊಳ್ಳಲಿ ಅನ್ನುವವರಿಗೆ ವಿಷ್ಣುವರ್ಧನ್ ಕಥೆ ನೆನಪಿಸಬೇಕು. 2009ರ ಡಿಸೆಂಬರ್ 30ರಂದು ಅವರು ಮೈಸೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಬೆಂಗಳೂರಿನ ಅಭಿಮಾನ್ ಸ್ಟುಡಿಯೋದಲ್ಲಿ ಆಯ್ತು. ಅಲ್ಲೇ ಸ್ಮಾರಕ ಅಂದರು. ಜಾಗದ ತಕರಾರು ಶುರುವಾಯ್ತು. ಇಲ್ಲಿ ಬೇಡ ಅಲ್ಲಿ, ಅಲ್ಲಿ ಬೇಡ ಇಲ್ಲಿ ಅಂತ ಎಳೆದಾಡಿ ಎಳೆದಾಡಿ, ಕೊನೆಗೆ ಮೈಸೂರಿನ ಎಚ್.ಡಿ. ಕೋಟೆ ರಸ್ತೆಯಲ್ಲಿ ಸರ್ಕಾರ ಕಟ್ಟಿಸಿದ ಸ್ಮಾರಕದ ಬಾಗಿಲು ತೆರೆದದ್ದು 2023ರ ಜನವರಿ 29ರಂದು. ಲೆಕ್ಕ ಹಾಕಿ, 13 ವರ್ಷ. ಈ ಕಡೆ ಅಭಿಮಾನ್ ಸ್ಟುಡಿಯೋದಲ್ಲಿದ್ದ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ನೆಲಸಮ ಮಾಡಿದರು. ಆವತ್ತು ಗೇಟಿನ ಹೊರಗೆ ನಿಂತು ಅಳುತ್ತಿದ್ದವರಲ್ಲಿ ಇಪ್ಪತ್ತು ದಾಟದ ಹುಡುಗರೂ ಇದ್ದರು. ವಿಷ್ಣು ಹೋದಾಗ ಅವರಿನ್ನೂ ಅಂಗನವಾಡಿಗೆ ಹೋಗುತ್ತಿದ್ದಿರಬೇಕು.

ಕಂಠೀರವ ಸ್ಟುಡಿಯೋ ಸರ್ಕಾರದ್ದು. ಅಲ್ಲಿ ರಾಜ್‌ಕುಮಾರ್ ಸ್ಮಾರಕ 2014ರ ನವೆಂಬರ್‌ನಲ್ಲಿ ಉದ್ಘಾಟನೆಯಾಯ್ತು. ಆಮೇಲೆ ಅಂಬರೀಶ್, ಪುನೀತ್ ಕೂಡ ಅಲ್ಲೇ. ಯಾರ ಮನೆಯ ಆಸ್ತಿ ಜಗಳವೂ ಆ ಕಲ್ಲುಗಳನ್ನು ಅಲುಗಾಡಿಸಲ್ಲ. ಹೋಗಿ ನಿಲ್ಲೋಕೆ ಜಾಗ ಬೇಕು ಅಂದ್ರೆ ಇದೇ. ನಾಳೆಯೂ ಇರುತ್ತೆ ಅನ್ನುವ ಜಾಗ.

ಎದುರಿನವರು ಖಂಡಿತ ಬಡ ಕಲಾವಿದರ ಮಾತು ತೆಗೀತಾರೆ. ಮೊದಲು ಅವರಿಗೆ ಕೊಡಿ ಅಂತಾರೆ. ಕೊಡಿ ಸ್ವಾಮಿ, ಬೇಡ ಅಂದವರು ಯಾರು? ಆದರೆ ಆ ಲೆಕ್ಕಕ್ಕೆ ಹೋದರೆ ವಿಧಾನಸೌಧಕ್ಕೆ ದೀಪ ಹಾಕಬಾರದು, ದಸರಾ ಆನೆಗೆ ಬೆಲ್ಲ ತಿನ್ನಿಸಬಾರದು, ಇರೋ ದುಡ್ಡನ್ನೆಲ್ಲ ಗಂಟು ಕಟ್ಟಿ ಹಂಚಿ ಎಲ್ಲರೂ ಮನೆಗೆ ಹೋಗಿ ಮಲಗಬೇಕು.

ಯಾರಿಗೆ ಕಟ್ಟಬೇಕು, ಯಾರಿಗೆ ಬಿಡಬೇಕು ಅನ್ನೋದು ಮಾತ್ರ ನನಗೂ ಬಗೆಹರಿದಿಲ್ಲ. ರಾಜ್‌ಕುಮಾರ್, ಹಾಸ್ಯನಟ ನರಸಿಂಹರಾಜು ಇಬ್ಬರೂ ಗುಬ್ಬಿ ನಾಟಕ ಕಂಪನಿಯಲ್ಲಿ ಪಳಗಿದವರು, ಇಬ್ಬರಿಗೂ ಹೆಸರು ತಂದದ್ದು 1954ರ ಬೇಡರ ಕಣ್ಣಪ್ಪ. ಒಬ್ಬರಿಗೆ ಎಕರೆಗಟ್ಟಲೆ ಜಾಗ. ಇನ್ನೊಬ್ಬರ ಸಮಾಧಿ ಎಲ್ಲಿ ಅಂತ ಕೇಳಿದರೆ ನನಗೇ ಗೊತ್ತಿಲ್ಲ. ಇದನ್ನು ಜಾಸ್ತಿ ಯೋಚಿಸಿದರೆ ನಾನು ಎದುರಿನ ಪಕ್ಷ ಸೇರಬೇಕಾಗುತ್ತೆ, ಬಿಡಿ.

ಮಾವ ಈಗಿಲ್ಲ. ಏಪ್ರಿಲ್ 12ಕ್ಕೆ ಅತ್ತೆ ಈಗಲೂ ಸೇವಂತಿಗೆ ತರಿಸ್ತಾರೆ. ಮಂಡಿ ನೋವು, ಬಸ್ ಹತ್ತೋಕಾಗಲ್ಲ. ಅದಕ್ಕೆ ಆ ಹೂವನ್ನು ಮಾವನ ಫೋಟೋಗೇ ಹಾಕ್ತಾರೆ. ಈ ಸಲ ಕರ್ಕೊಂಡು ಹೋಗ್ಬೇಕು.

ವಿರೋಧ: ಫೋಟೋದಲ್ಲಿ ಬೆನ್ನು ಮಾತ್ರ

ನನಗೆ ಈ ಕಡೆ ಬರೆಯಿರಿ ಅಂತ ಯಾರೂ ಹೇಳಬೇಕಿರಲಿಲ್ಲ. ಸ್ಮಾರಕ ಬೇಡ. ಕಟ್ಟಿದ್ದನ್ನು ಒಡೆಯಿರಿ ಅಂತಿಲ್ಲ, ಇನ್ನು ಮುಂದೆ ಒಂದೂ ಬೇಡ. ಆ ದುಡ್ಡು ಉಸಿರಾಡುತ್ತಿರುವ ಕಲಾವಿದರಿಗೆ ಹೋಗಲಿ.

ನಮ್ಮಜ್ಜ ಪೇಟಿ ಮಾಸ್ತರ. ಕಂಪನಿ ನಾಟಕ ನೋಡದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೇಟಿ ಅಂದರೆ ಹಾರ್ಮೋನಿಯಂ, ಅದರಲ್ಲೂ ಕಾಲಲ್ಲಿ ತುಳಿದು ನುಡಿಸುವಂಥದ್ದು. ಮಾಸ್ತರರು ಕೂರುವುದು ರಂಗದ ಮೇಲಲ್ಲ, ರಂಗದ ಮುಂದೆ, ಜನರಿಗಿಂತ ಒಂದು ಮೊಳ ಈಚೆಗೆ, ಪಕ್ಕದಲ್ಲಿ ತಬಲಾದವನು. ಮುಖ ಪರದೆ ಕಡೆ, ಬೆನ್ನು ಜನರ ಕಡೆ. ಪಾತ್ರಧಾರಿ ಹಾಡು ಮರೆತರೆ ಪೇಟಿಯಲ್ಲಿ ಸಾಲು ಎತ್ತಿಕೊಡಬೇಕು. ಅವನ ಗಂಟಲು ಕಟ್ಟಿದ್ದರೆ ಅವತ್ತಿನ ಮಟ್ಟಿಗೆ ಶ್ರುತಿ ಇಳಿಸಬೇಕು. ಒನ್ಸ್ ಮೋರ್ ಬಿತ್ತು ಅಂದ್ರೆ ಸತ್ತು ಬಿದ್ದ ಪಾತ್ರವೂ ಎದ್ದು ನಿಂತು ಮತ್ತೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತು. ಆಗ ಎಚ್ಚರ ತಪ್ಪದೆ ಇರಬೇಕಾದವನು ಮಾಸ್ತರ ಒಬ್ಬನೇ.

ಬಾದಾಮಿಯ ಬನಶಂಕರಿ ಜಾತ್ರೆಗೆ ಕಂಪನಿಗಳು ಬಂದು ಟೆಂಟ್ ಹಾಕಿದರೆ ವಾರಗಟ್ಟಲೆ ಕ್ಯಾಂಪು. ಒಂದೇ ರಾತ್ರಿ ಎರಡು ಮೂರು ಆಟ. ಕೊನೆಯ ಆಟ ಮುಗಿಯುವಾಗ ಹೊರಗೆ ಬೆಳಕು ಹರಿದಿರುತ್ತಿತ್ತು. ಜಾತ್ರೆ ಮುಗಿಸಿ ಮನೆಗೆ ಬಂದ ಅಜ್ಜನ ಮೀನಖಂಡ ಕಲ್ಲಿನ ಹಾಗಾಗಿರುತ್ತಿತ್ತಂತೆ. ಅಜ್ಜಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕಿದರೂ ಎರಡು ದಿನ ನೆಟ್ಟಗೆ ನಡೆಯುತ್ತಿರಲಿಲ್ಲ. ನಿದ್ದೆಯಲ್ಲೂ ಪಾದ ತುಳಿಯುತ್ತಿತ್ತು, ಹೊದಿಕೆ ಜಾರಿ ಬೀಳುತ್ತಿತ್ತು ಅಂತ ಅಜ್ಜಿ ನಗುತ್ತಾ ಹೇಳೋರು.

ವಯಸ್ಸಾದ ಮೇಲೆ ಅಜ್ಜ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದ. ಕಚೇರಿಯವರು ಕಲಾವಿದ ಅನ್ನೋದಕ್ಕೆ ಪುರಾವೆ ತನ್ನಿ ಅಂದರು. ಅಜ್ಜ ಒಂದು ಬಟ್ಟೆ ಚೀಲದಲ್ಲಿ ಇದ್ದಬದ್ದ ಫೋಟೋ, ಹ್ಯಾಂಡ್‌ಬಿಲ್ ಎಲ್ಲಾ ತುಂಬಿಕೊಂಡು ಹೋದ. ನಾನೂ ಜೊತೆಗಿದ್ದೆ, ಕಾಲೇಜಿಗೆ ರಜೆ ಇತ್ತು.

"ಇದರಾಗ ನೀವ್ ಎಲ್ಲಿದೀರಿ?"

"ಇಲ್ಲಿ ನೋಡ್ರಿ. ಈ ಕರಿ ಟೊಪಗಿ."

"ಮುಖಾನ ಕಾಣವಲ್ದಲ್ರೀ."

"ಪೇಟಿ ಮಾಸ್ತರನ ಮುಖಾ ಮಂದಿಗಿ ಕಂಡ್ರ ನಾಟಕ ಕೆಟ್ಟಂಗ ಸಾಹೇಬ್ರ."

ಅಜ್ಜ ತಮಾಷೆ ಮಾಡಲಿಲ್ಲ, ನಿಜ ಹೇಳಿದ. ಅವರು ನಕ್ಕರು, ಫೈಲ್ ಮಾತ್ರ ಮುಚ್ಚಿದರು. ಹ್ಯಾಂಡ್‌ಬಿಲ್‌ಗಳಲ್ಲಿ ನಾಯಕಿಯ ಹೆಸರು ದಪ್ಪಕ್ಷರದಲ್ಲಿ, ಹಾಸ್ಯದವನ ಹೆಸರು ಅದರ ಕೆಳಗೆ, ಟಿಕೆಟ್ ದರ, ನೆಲ, ಕುರ್ಚಿ ಎಲ್ಲಾ ಇತ್ತು. ಅಜ್ಜನ ಹೆಸರು ಒಂದರಲ್ಲೂ ಇಲ್ಲ. ಕಂಪನಿ ಮಾಲೀಕರಿಂದ ಪತ್ರ ತರೋಣ ಅಂದ್ರೆ ಅವರು ತೀರಿಕೊಂಡು ಹತ್ತು ವರ್ಷ. ಕೊನೆಗೆ ಆ ಕಂಪನಿಯಲ್ಲಿ ನಾಯಕಿ ಪಾತ್ರ ಮಾಡುತ್ತಿದ್ದ ಒಬ್ಬ ಅಜ್ಜಿ, ಎರಡು ಬಸ್ ಬದಲಿಸಿ ಬಂದು, ಇವರ ಪೇಟಿ ಇಲ್ಲದೆ ನಾನು ಒಂದು ಪದಾನೂ ಹಾಡಿಲ್ಲ ಅಂತ ಬರೆದು ಹೆಬ್ಬೆಟ್ಟು ಒತ್ತಿದರು. ಬರೆದದ್ದು ನಾನು, ಒತ್ತಿದ್ದು ಅವರು. ಎಷ್ಟೋ ತಿಂಗಳ ಮೇಲೆ ಮಾಸಾಶನ ಬಂತು. ಆಮೇಲೆ ವರ್ಷ ವರ್ಷ ಹೋಗಿ ಬದುಕಿದ್ದೇನೆ ಅಂತ ಪ್ರಮಾಣಪತ್ರ ಕೊಡಬೇಕು. ಒಂದು ಸಲ ಕೊಡೋದು ತಡವಾಯ್ತು, ನಾಲ್ಕು ತಿಂಗಳು ದುಡ್ಡು ನಿಂತಿತು. ಸತ್ತವರಿಗೆ ಜಾಗ ಮಂಜೂರು ಮಾಡೋಕೆ ಇಂಥ ಪ್ರಮಾಣಪತ್ರ ಯಾವುದೂ ಬೇಡ ನೋಡಿ.

ಇನ್ನೂ ಇದೆ. ಅಜ್ಜ ಹೋದ ಮೇಲೆ ಊರಿನ ಮುಖಂಡರೊಬ್ಬರಿಗೆ ಅಭಿಮಾನ ಉಕ್ಕಿತು. ಬಸ್ ಸ್ಟ್ಯಾಂಡ್ ಹತ್ತಿರದ ಸರ್ಕಲ್‌ಗೆ ಅಜ್ಜನ ಹೆಸರು, ಒಂದು ಪುತ್ಥಳಿ ಅಂದರು. ಬ್ಯಾನರ್‌ಗೆ ಫೋಟೋ ಬೇಕಲ್ಲ. ಮುಖ ಇದ್ದ ಫೋಟೋ ಮನೆಯಲ್ಲಿದ್ದದ್ದು ಒಂದೇ, ಚುನಾವಣಾ ಗುರುತಿನ ಚೀಟಿಯದ್ದು. ಅದನ್ನೇ ಆರಡಿ ಮಾಡಿಸಿದರು. ಅಜ್ಜ ಬ್ಯಾನರ್ ಮೇಲೆ ಏನನ್ನೋ ಕದ್ದು ಓಡಿದವನ ಹಾಗೆ ಕಾಣುತ್ತಿದ್ದ. ತೆಂಗಿನಕಾಯಿ ಒಡೆದರು, ಅಡಿಗಲ್ಲು ನೆಟ್ಟರು, ಶಾಲು ಹಾಕಿಕೊಂಡರು. ಅಡಿಗಲ್ಲು ಈಗಲೂ ಇದೆ, ಹಣ್ಣಿನ ಗಾಡಿಯವರು ಅದಕ್ಕೆ ಹಗ್ಗ ಕಟ್ಟುತ್ತಾರೆ. ಬದುಕಿದ್ದಾಗ ಅಜ್ಜನಿಗೆ ಪೇಟಿಯ ಎರಡು ಸ್ವರ ರಿಪೇರಿ ಮಾಡಿಸಬೇಕಿತ್ತು, ಅದಕ್ಕೆ ಯಾರ ಹತ್ತಿರವೂ ದುಡ್ಡಿರಲಿಲ್ಲ.

ಎದುರಿನವರು ಅಭಿಮಾನ್ ಸ್ಟುಡಿಯೋ ಬಗ್ಗೆ ಕಣ್ಣೀರು ಹಾಕಿಯೇ ಇರುತ್ತಾರೆ. ಆ ಸ್ಟುಡಿಯೋ ಕಟ್ಟಿದ್ದು ಯಾರು ಅಂತ ಬರೆದಿದ್ದಾರಾ? ಟಿ.ಎನ್. ಬಾಲಕೃಷ್ಣ, ನಮ್ಮ ಬಾಲಣ್ಣ. ನಾಟಕ ಕಂಪನಿಯಿಂದ ಬಂದವರು. ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಎದುರಿನವರ ತುಟಿ ನೋಡಿಕೊಂಡು ಮಾತು ಹೇಳಿ, ನೂರಾರು ಸಿನಿಮಾ ಮಾಡಿದರು. ಒಂದು ಸಲವೂ ಮಾತಿನ ಜಾಗ ತಪ್ಪಿದ ಹಾಗೆ ನಮಗೆ ಅನಿಸಲೇ ಇಲ್ಲ. ಸ್ಮಾರಕದ ಗಲಾಟೆಯಲ್ಲಿ ಅವರ ಹೆಸರು ಬಂದದ್ದು ಆಸ್ತಿ ಪತ್ರದ ಜೊತೆಗೆ ಮಾತ್ರ. ಶರಪಂಜರದ ಕಲ್ಪನಾ ಕೊನೆಕೊನೆಗೆ ನಮ್ಮ ಉತ್ತರ ಕರ್ನಾಟಕದ ಕಂಪನಿ ನಾಟಕಗಳಲ್ಲಿ ಬಣ್ಣ ಹಚ್ಚುತ್ತಿದ್ದರು, 1979ರಲ್ಲಿ ಇದೇ ಕಡೆ ಗೋಟೂರಿನಲ್ಲಿ ತೀರಿಕೊಂಡರು. ಬಸವಣ್ಣನ ಪಾತ್ರಕ್ಕೆ ಹೆಸರಾಗಿದ್ದ ಏಣಗಿ ಬಾಳಪ್ಪನವರು ನೂರು ದಾಟಿ ಬದುಕಿ 2017ರಲ್ಲಿ ಹೋದರು. ಬೆಂಗಳೂರಿನಲ್ಲಿ ನಿಂತು ಇವರನ್ನು ಎಷ್ಟು ಜನ ಕೇಳ್ತಾರೆ ಹೇಳಿ. ಸ್ಮಾರಕ ಸಿಗೋದು ಅಳೋಕೆ ಜಾಸ್ತಿ ಜನ ಇದ್ದವರಿಗೆ. ಅಂಥವರಿಗೆ ಸ್ಮಾರಕದ ಅಗತ್ಯವೇ ಇಲ್ಲ.

ಶಂಕರ್‌ನಾಗ್ ನೋಡಿ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತ. ವಯಸ್ಸು 35. ಆಟೋ ರಾಜ ಬಂದದ್ದು 1980ರಲ್ಲಿ, ಇವತ್ತಿಗೂ ಆಟೋ ಹಿಂದೆ ಅವರ ಮುಖ ಇದೆ. ಆ ಸ್ಟಿಕ್ಕರ್‌ಗೆ ಸರ್ಕಾರ ಒಂದು ರೂಪಾಯಿ ಕೊಟ್ಟಿಲ್ಲ. 2004ರಲ್ಲಿ ಅವರ ಹೆಂಡತಿ ಅರುಂಧತಿ ನಾಗ್ ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗಶಂಕರ ಶುರು ಮಾಡಿದರು, ಅಲ್ಲಿ ಹೆಚ್ಚುಕಡಿಮೆ ದಿನಾ ಒಂದು ನಾಟಕ. ತಡವಾಗಿ ಹೋದರೆ ಒಳಗೆ ಬಿಡಲ್ಲ, ನಾನು ಎರಡು ಸಲ ಹೊರಗೆ ನಿಂತು ಸಾಬೂದಾನ ವಡೆ ತಿಂದು ವಾಪಸ್ ಬಂದಿದ್ದೇನೆ. ಅದೂ ಸ್ಮಾರಕವೇ ಅಲ್ವಾ ಅಂತ ನಮ್ಮ ಮನೆಯವರು ಕೇಳಿದರು. ಅಲ್ಲ. ಅದು ನಾಟಕದ ಮನೆ. ಅಲ್ಲಿ ಸಂಜೆ ಏಳೂವರೆಗೆ ಯಾರೋ ಬದುಕಿರುವವರು ಬಣ್ಣ ಹಚ್ಚಿಕೊಂಡು ಕಾಯುತ್ತಿರುತ್ತಾರೆ. ಸಮಾಧಿಗೆ ಹೋಗುವವರು ಏನು ಮಾಡ್ತಾರೆ? ಸೆಲ್ಫಿ ತಗೋತಾರೆ, ಸ್ಟೇಟಸ್ ಹಾಕ್ತಾರೆ. ಮೈಸೂರಿನ ವಿಷ್ಣು ಸ್ಮಾರಕಕ್ಕೆ ಸುಮಾರು 11 ಕೋಟಿ ಆಗಿದೆ. ಅದರಲ್ಲಿ ಎಷ್ಟು ಪೇಟಿ ರಿಪೇರಿ ಆಗುತ್ತಿತ್ತು ಅಂತ ನನ್ನನ್ನು ಕೇಳಬೇಡಿ, ನನಗೆ ಸಿಟ್ಟು ಬರುತ್ತೆ.

ಅಜ್ಜನ ಪೇಟಿ ನಮ್ಮ ಮನೆಯಲ್ಲೇ ಇದೆ. ಮುಚ್ಚಳ ತೆಗೆದರೆ ಈಗಲೂ ಹಳೇ ಮರ, ನಶ್ಯದ ವಾಸನೆ. ತುಳಿದರೆ ಯಾವ ಕೀ ಒತ್ತದಿದ್ದರೂ ಒಂದು ಸ್ವರ ತಾನಾಗಿ ಕೂಗುತ್ತೆ. ಒಂದು ಕೋರಿಕೆ ಇದೆ, ಇದಕ್ಕೂ ವಾದಕ್ಕೂ ಸಂಬಂಧ ಇಲ್ಲ. ಅರವತ್ತು ಎಪ್ಪತ್ತರ ದಶಕದ ಬನಶಂಕರಿ ಜಾತ್ರೆಯ ನಾಟಕದ ಫೋಟೋ ಯಾರ ಮನೆಯಲ್ಲಾದರೂ ಇದ್ದರೆ ರಂಗದ ಮೇಲಿನವರನ್ನು ಬಿಟ್ಟು ಕೆಳಗೆ, ಎಡಗಡೆ ಮೂಲೆ ನೋಡಿ. ಕರಿ ಟೊಪ್ಪಿಗೆ, ಬಲ ಭುಜ ಸ್ವಲ್ಪ ಇಳಿದಿರುತ್ತೆ. ಅಪ್ಪಿತಪ್ಪಿ ಎಲ್ಲಾದರೂ ಆತ ಈ ಕಡೆ ತಿರುಗಿದ್ದರೆ ನನಗೊಂದು ಪ್ರತಿ ಬೇಕು.