ಗೆಲ್ಲೋರು ಯಾರು ಅಂತ ಬರೆಯೋರಿಗೂ ಸ್ವಲ್ಪ ಬುದ್ಧಿ ಬೇಡ್ವಾ?

ನಾನು ಟೀವಿಯಲ್ಲಿ ಡಬ್ಲ್ಯೂಡಬ್ಲ್ಯೂಇ ಅನ್ನೋ ಅಮೆರಿಕದ ಕುಸ್ತಿ ನೋಡುತ್ತೇನೆ ಅಂದ ತಕ್ಷಣ ಮೈಸೂರಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಅದೆಲ್ಲ ಮೊದಲೇ ಫಿಕ್ಸ್ ಅಂತೆ, ನಿಮಗೆ ಗೊತ್ತಿಲ್ವಾ?" ದೊಡ್ಡ ಗುಟ್ಟು ಹೇಳುವವರ ಥರ ದನಿ ಬೇರೆ ತಗ್ಗಿಸುತ್ತಾರೆ. ಗೊತ್ತು ಸ್ವಾಮಿ. ಈ ಕುಸ್ತಿಯವರ ಫೋಟೋ ಇರುವ ಟ್ರಂಪ್ ಕಾರ್ಡ್ ಇಟ್ಟುಕೊಂಡು ಯಾರ ಎದೆ ಎಷ್ಟು ಇಂಚು ಅಂತ ಜಗಳ ಆಡುತ್ತಿದ್ದ ಕಾಲದಲ್ಲೇ ಗೊತ್ತಾಯಿತು. ನನ್ನ ತಕರಾರು ಫಿಕ್ಸ್ ಮಾಡುತ್ತಾರೆ ಅನ್ನೋದಲ್ಲ. ಫಿಕ್ಸ್ ಮಾಡುವ ಅಧಿಕಾರ ಪೂರ್ತಿ ಕೈಯಲ್ಲಿ ಇದ್ದೂ ತಪ್ಪಾಗಿ ಫಿಕ್ಸ್ ಮಾಡುತ್ತಾರಲ್ಲ, ಅದು.

ಕ್ರಿಕೆಟ್‌ನಲ್ಲಿ ನಮ್ಮವರು ಸೋತರೆ ಪಿಚ್ಚನ್ನು ಬೈಯಬಹುದು, ಟಾಸನ್ನು ಬೈಯಬಹುದು, ಏನೂ ಸಿಗದಿದ್ದರೆ ಇಬ್ಬನಿಯನ್ನಾದರೂ ಬೈಯಬಹುದು. ಇಲ್ಲಿ ಆ ಸೌಲಭ್ಯವೇ ಇಲ್ಲ. ಯಾರ ಮೇಲೆ ಯಾರು, ಯಾರು ಗೆಲ್ಲಬೇಕು, ಚಾಂಪಿಯನ್ ಬೆಲ್ಟು ಎಷ್ಟು ದಿನ ಯಾರ ಸೊಂಟದಲ್ಲಿರಬೇಕು, ಎಲ್ಲವನ್ನೂ ಒಂದಷ್ಟು ಜನ ರೂಮಿನಲ್ಲಿ ಕೂತು ಕಾಫಿ ಕುಡಿಯುತ್ತಾ ಬರೆದಿರುತ್ತಾರೆ. ಅದಕ್ಕೇ ಬುಕಿಂಗ್ ಅನ್ನುವುದು. ಅಂದಮೇಲೆ ಸೋಲಿಗೆ ಹೊಣೆ ಯಾರು ಅಂತ ಹುಡುಕಬೇಕಾಗಿಯೇ ಇಲ್ಲ.

ನನ್ನ ಸೋದರಮಾವ ಹಳೇ ಪೈಲ್ವಾನ್. ಗರಡಿ ಮಟ್ಟಿಯಲ್ಲಿ ಹೊರಳಾಡಿ ಕಿವಿ ಮುದುಡಿಸಿಕೊಂಡವರು. ದಸರಾ ಬಂತು ಅಂದರೆ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ಕುಸ್ತಿ ಮುಗಿಯುವ ತನಕ ಮನೆ ಕಡೆ ತಲೆ ಹಾಕುವುದಿಲ್ಲ. ಅದಕ್ಕೂ ಮುಂಚೆ ಜೋಡಿ ಕಟ್ಟುವ ದಿನ ಅಂತ ಒಂದಿರುತ್ತದೆ. ಪೈಲ್ವಾನರನ್ನು ಕರೆಸಿ, ತೂಕ ನೋಡಿ, ಇವನಿಗೆ ಇವನು ಸರಿಜೋಡಿ ಅಂತ ಗೊತ್ತು ಮಾಡುತ್ತಾರೆ. ಮಾವನಿಗೆ ಅಖಾಡಕ್ಕಿಂತ ಅದೇ ಜಾಸ್ತಿ ಇಷ್ಟ. "ಜೋಡಿ ಕಟ್ಟೋದು ಹಿರಿಯರ ಕೆಲಸ, ಗೆಲ್ಲೋದು ಪೈಲ್ವಾನನ ಕೆಲಸ ಕಣ್ಲಾ. ನಿನ್ನ ಟೀವಿಯೋರು ಎರಡೂ ಕೆಲಸಾನ ತಾವೇ ಮಾಡ್ತಾರಲ್ಲ, ಅಲ್ಲೇ ಎಡವಟ್ಟು" ಅನ್ನುತ್ತಾರೆ. ಹೀಗೆ ಬೈಯುತ್ತಲೇ ಬಂದು ನನ್ನ ಪಕ್ಕ ಕೂತು ಪೂರ್ತಿ ನೋಡುತ್ತಾರೆ, ಅದು ಬೇರೆ ಮಾತು.

ಮಾವನಿಗೆ ಸಹಿಸಲಿಕ್ಕಾಗದ್ದು ರೆಫರಿ. ಟೀವಿ ಕುಸ್ತಿಯ ರೆಫರಿಗೆ ಗಾಳಿ ಸೋಕಿದರೂ ಸಾಕು, ಎಚ್ಚರ ತಪ್ಪುತ್ತದೆ. ಅವನು ಬಿದ್ದಿರುವಾಗಲೇ ಹೊರಗಿನವರು ಬಂದು ಕುರ್ಚಿಯಲ್ಲಿ ಬಾರಿಸಿ ಹೋಗುತ್ತಾರೆ. ಒಂದು ಸಲ ಮಾತ್ರ ನಾನೂ ಮಾವನೂ ಒಂದೇ ಪಕ್ಷ ಆಗಿದ್ದೆವು. 2019ರ ಅಕ್ಟೋಬರ್, ಹೆಲ್ ಇನ್ ಎ ಸೆಲ್, ಸೇತ್ ರೋಲಿನ್ಸ್ ಮತ್ತು ಭೂತದ ಮುಖವಾಡದ ದಿ ಫೀಂಡ್. ಸುತ್ತ ಪಂಜರ. ಒಳಗೆ ಏನು ಬೇಕಾದರೂ ಮಾಡಬಹುದು ಅನ್ನೋದೇ ಆ ಪಂದ್ಯದ ಮರ್ಯಾದೆ. ರೋಲಿನ್ಸ್ ಕುರ್ಚಿ, ಏಣಿ ಎಲ್ಲ ಪ್ರಯೋಗಿಸಿ ಕೊನೆಗೆ ದೊಡ್ಡ ಸುತ್ತಿಗೆ ಎತ್ತಿ ಹೊಡೆದ. ಆಗ ರೆಫರಿಗೆ ಇದ್ದಕ್ಕಿದ್ದಂತೆ ಕರುಣೆ ಹುಟ್ಟಿ ಪಂದ್ಯವನ್ನೇ ನಿಲ್ಲಿಸಿಬಿಟ್ಟ! ಮಾವ ಎದ್ದು ನಿಂತರು. "ವಜ್ರಮುಷ್ಟಿ ಕಾಳಗದಲ್ಲಿ ಒಂದು ತೊಟ್ಟು ರಕ್ತ ಬಂದ್ರೆ ನಿಲ್ಲಿಸ್ತಾರೆ, ಸರಿ. ಮೊದಲೇ ಹೇಳಿರ್ತಾರೆ, ಯಾರೂ ಕೇಳಲ್ಲ. ಇವನು ಅಷ್ಟು ಹೊತ್ತು ಕತ್ತೆ ಕಾಯ್ತಿದ್ನಾ?" ನನಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಇನ್ನೆಲ್ಲೂ ಸಿಕ್ಕಿಲ್ಲ. ಮರುವರ್ಷ ಫೆಬ್ರುವರಿಯಲ್ಲಿ ಅದೇ ಫೀಂಡ್‌ನನ್ನು ರಿಯಾದ್‌ನಲ್ಲಿ 53ರ ಹರೆಯದ ಗೋಲ್ಡ್‌ಬರ್ಗ್ ಕೈಲಿ ಮೂರ್ನಾಲ್ಕು ನಿಮಿಷದಲ್ಲಿ ಸೋಲಿಸಿದರು. ತಿಂಗಳುಗಟ್ಟಲೆ ಎಲ್ಲರನ್ನೂ ಹೆದರಿಸಿದ ಭೂತ, ಸೋತದ್ದು ನಮ್ಮ ಮನೆಯಲ್ಲಿ ಅನ್ನ ಆಗುವುದಕ್ಕಿಂತ ಬೇಗ.

ಈ ಬುಕಿಂಗ್‌ಗಳಿಂದ ನನ್ನ ಸಂಸಾರಕ್ಕೆ ಆದ ನಷ್ಟ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. 2014ರ ಏಪ್ರಿಲ್ 7, ಸೋಮವಾರ ಬೆಳಿಗ್ಗೆ. ಅಮೆರಿಕದಲ್ಲಿ ಭಾನುವಾರ ರಾತ್ರಿ, ರೆಸಲ್‌ಮೇನಿಯಾ 30. ವರ್ಷಕ್ಕೊಮ್ಮೆ ನಡೆಯುವ ಅವರ ಅತಿ ದೊಡ್ಡ ಜಾತ್ರೆ ಅದು, ನಮಗೆ ಬೆಳಗಿನ ಜಾವ ನಾಲ್ಕೂವರೆಗೆ ಶುರು. ಹೆಂಡತಿ ಒಲೆ ಮೇಲೆ ಹಾಲಿಟ್ಟು "ರೀ, ನೋಡ್ಕೊಳ್ಳಿ, ಬಾಗಿಲಿಗೆ ರಂಗೋಲಿ ಹಾಕಿ ಬಂದೆ" ಅಂದಳು. ನಾನು ನೋಡಿಕೊಳ್ಳುತ್ತಲೇ ಇದ್ದೆ, ಅಂಡರ್‌ಟೇಕರ್‌ನನ್ನು. ರೆಸಲ್‌ಮೇನಿಯಾದಲ್ಲಿ 21 ಪಂದ್ಯ, 21 ಗೆಲುವು. ಸೋಲುವ ಪ್ರಶ್ನೆಯೇ ಇರಲಿಲ್ಲ. ಬ್ರಾಕ್ ಲೆಸ್ನರ್ ಹೆಗಲ ಮೇಲಿಂದ ತಿರುಗಿಸಿ ಎಸೆಯುವ ಎಫ್-5 ಪಟ್ಟನ್ನು ಮೂರನೇ ಸಲ ಹಾಕಿದ, ರೆಫರಿ ಒಂದು, ಎರಡು, ಮೂರು ಅಂದ, ಅಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಅಷ್ಟು ಸಾವಿರ ಜನ ಬಾಯಿ ಬಿಟ್ಟುಕೊಂಡು ನಿಂತರು, ಇಲ್ಲಿ ಕುವೆಂಪುನಗರದಲ್ಲಿ ಹಾಲು ಉಕ್ಕಿ ಒಲೆ ದಾಟಿ ಕಟ್ಟೆಯಿಂದ ಕೆಳಗೆ ಇಳಿಯಿತು. ಒಳಗೆ ಬಂದ ಹೆಂಡತಿ ನನ್ನ ಮುಖ ನೋಡಿ ಹಾಲಿನ ವಿಷಯ ಮರೆತೇಬಿಟ್ಟಳು. "ಯಾರಾದ್ರೂ ಹೋಗ್ಬಿಟ್ರಾ?" ಅಂದಳು ಮೆಲ್ಲಗೆ. ಹೂಂ ಅಂದೆ. "ಅಯ್ಯೋ, ಯಾರ್ರೀ?" ಅಂಡರ್‌ಟೇಕರ್ ಅಂದೆ. ಆಮೇಲೆ ನಡೆದದ್ದನ್ನು ಬರೆಯುವ ಹಾಗಿಲ್ಲ.

ಸೋಲಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಒಂದು ದಿನ ಯಾರಾದರೂ ಸೋಲಿಸಲೇಬೇಕಿತ್ತು. ಆದರೆ ಅಷ್ಟು ದೊಡ್ಡ ಗೆಲುವನ್ನು ಯಾರಾದರೂ ಬೆಳೆಯುವ ಹುಡುಗನಿಗೆ ಕೊಡಬೇಕಿತ್ತಲ್ವಾ? ಲೆಸ್ನರ್ ಆಗಲೇ ನಿಜವಾದ ಹೊಡೆದಾಟದ ಪಂದ್ಯ ನಡೆಸುವ ಯುಎಫ್‌ಸಿಯಲ್ಲೂ ಚಾಂಪಿಯನ್ ಆಗಿ ಬಂದವನು, ವರ್ಷಕ್ಕೆ ಕೆಲವೇ ಸಲ ಮುಖ ತೋರಿಸುವವನು. ಅವನಿಗೆ ಕೊಟ್ಟದ್ದರಿಂದ ಲಾಭ ಆಗಲಿಲ್ಲ ಅಂತಲ್ಲ, ಅದೇ ವರ್ಷ ಸಮ್ಮರ್‌ಸ್ಲ್ಯಾಮ್‌ನಲ್ಲಿ ಜಾನ್ ಸೀನಾನಿಗೆ ಹಿಂದಿನಿಂದ ಸೊಂಟ ಹಿಡಿದು ತಲೆಯ ಮೇಲಿಂದ ಎಸೆಯುವ ಜರ್ಮನ್ ಸುಪ್ಲೆಕ್ಸನ್ನು 16 ಸಲ ಹಾಕಿ ಎಲ್ಲರನ್ನೂ ನಡುಗಿಸಿದ. ಆದರೆ ಮೂರು ವರ್ಷ ಆದಮೇಲೆ, 2017ರಲ್ಲಿ, ರೋಮನ್ ರೇನ್ಸ್ ಕೈಲಿ ಅಂಡರ್‌ಟೇಕರ್‌ನನ್ನು ಇನ್ನೊಂದು ಸಲ ಸೋಲಿಸಿದರು. ಮೊದಲ ಸೋಲಿನ ಬೆಲೆ ಅಲ್ಲಿಗೆ ಹೋಯಿತು. ನಮ್ಮ ಹಾಲೂ ಸುಮ್ನೆ ಹೋಯಿತು.

ಇನ್ನು ನಮ್ಮ ದೇಶದವರ ವಿಷಯ. 2007ರಲ್ಲಿ ಹಿಮಾಚಲದ ದಿ ಗ್ರೇಟ್ ಖಲಿ ವಿಶ್ವ ಹೆವಿವೇಟ್ ಚಾಂಪಿಯನ್ ಆದಾಗ ನಮ್ಮಮ್ಮನೂ ಬಂದು ಟೀವಿ ಮುಂದೆ ಕೂತಿದ್ದರು. ಅವನ ನಡಿಗೆ ನೋಡಿ "ಪಾಪ, ಮಂಡಿ ನೋವು ಅಂತ ಕಾಣುತ್ತೆ" ಅಂದರು. ಅದು ನಿಜಕ್ಕೂ ನೋವೇ ಇರಬೇಕು. 2017ರ ಮೇನಲ್ಲಿ ಜಿಂದರ್ ಮಹಲ್ ರ‍್ಯಾಂಡಿ ಆರ್ಟನ್‌ನನ್ನು ಸೋಲಿಸಿ ಬೆಲ್ಟು ಎತ್ತಿದ. ಅದಕ್ಕೆ ಸ್ವಲ್ಪ ದಿನ ಮುಂಚೆ ತನಕ ಅವನು ಸಿಕ್ಕಸಿಕ್ಕವರ ಕೈಲೆಲ್ಲ ಸೋಲುತ್ತಿದ್ದವನು. ಹುಟ್ಟಿದ್ದು ಕೆನಡಾದ ಕ್ಯಾಲ್ಗರಿಯಲ್ಲಿ. ಭಾರತದಲ್ಲಿ ಗಿರಾಕಿ ಜಾಸ್ತಿ ಇದ್ದಾರೆ, ಇವನನ್ನು ಮೇಲೆ ಕೂರಿಸಿದರೆ ಎಲ್ಲರೂ ಖುಷಿಯಾಗುತ್ತಾರೆ ಅನ್ನೋ ಲೆಕ್ಕ ಎದ್ದು ಕಾಣುತ್ತಿತ್ತು. ಸರಿ, ಖುಷಿಪಡೋಣ ಅಂತಲೇ ನಾನೂ ತಯಾರಾಗಿದ್ದೆ. ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಎಜೆ ಸ್ಟೈಲ್ಸ್ ಬೆಲ್ಟು ಕಿತ್ತುಕೊಂಡ. ಡಿಸೆಂಬರ್‌ನಲ್ಲಿ ಡಬ್ಲ್ಯೂಡಬ್ಲ್ಯೂಇಯವರು ದೆಹಲಿಗೆ ಬಂದರು. ಅಂದರೆ ಯಾರಿಗೋಸ್ಕರ ಅವನನ್ನು ಚಾಂಪಿಯನ್ ಮಾಡಿದ್ದರೋ ಅವರ ಊರಿಗೆ ಬರುವ ಒಂದು ತಿಂಗಳ ಮುಂಚೆ ಬೆಲ್ಟು ಕಳೆದರು. ಸಾಲದು ಅಂತ ದೆಹಲಿಯಲ್ಲಿ ಟ್ರಿಪಲ್ ಎಚ್ ಕೈಲೂ ಸೋಲಿಸಿದರು. ಮದುವೆ ಮನೆಗೆ ಕರೆದು ಊಟ ಮುಗಿದಿದೆ ಅನ್ನುವ ಹಾಗೆ. ಇದನ್ನು ಬರೆದವನಿಗೆ ಸಂಬಳ ಬರುತ್ತದೆ, ನೆನಪಿರಲಿ.

ಅಲ್ಲಿ ಸರಿಯಾದ ಬುಕಿಂಗ್ ಆಗುವುದು ಜನ ಕೂಗಿದಾಗ ಮಾತ್ರ. 2014ರಲ್ಲಿ, 30 ಜನ ಒಬ್ಬೊಬ್ಬರಾಗಿ ಕಣಕ್ಕಿಳಿಯುವ ರಾಯಲ್ ರಂಬಲ್‌ನಲ್ಲಿ ಜನಕ್ಕೆ ಬೇಕಿದ್ದದ್ದು ಡೇನಿಯಲ್ ಬ್ರಯನ್. ಕೊನೆಯ, 30ನೇ ಆಟಗಾರನಾಗಿ ಬಂದದ್ದು ರೇ ಮಿಸ್ಟೀರಿಯೊ. ಯಾರೂ ದ್ವೇಷಿಸಲಾಗದ ಆಸಾಮಿ ಅವನು. ಅವನಿಗೂ "ಬೂ" ಅಂದರು. ಅವನು ಮಾಡಿದ ತಪ್ಪು ಬ್ರಯನ್ ಆಗಿರದಿದ್ದದ್ದು, ಅಷ್ಟೇ. ಗಲಾಟೆ ನೋಡಿ ಕತೆ ತಿದ್ದಿದರು, ರೆಸಲ್‌ಮೇನಿಯಾದಲ್ಲಿ ಬ್ರಯನ್ ಗೆದ್ದ. ಹತ್ತು ವರ್ಷ ಆದಮೇಲೆ ಅದೇ ಪಾಠ ಮತ್ತೆ. ರೋಮನ್ ರೇನ್ಸ್ ಜೊತೆ ಬೆಲ್ಟಿಗೆ ಕಾದಾಡಬೇಕಿದ್ದ ಕೋಡಿ ರೋಡ್ಸ್ ಜಾಗಕ್ಕೆ ದಿ ರಾಕ್ ನುಗ್ಗಿದ, ಜನ ರೊಚ್ಚಿಗೆದ್ದರು, ಕೋಡಿಗೆ ಜಾಗ ವಾಪಸ್ ಸಿಕ್ಕಿತು.

ಕೋಡಿ ಗೆದ್ದ ದಿನವೇ ನನ್ನ ಗ್ರಹಚಾರ ಕೆಟ್ಟದ್ದು. 2024ರ ಏಪ್ರಿಲ್ 8, ಸೋಮವಾರ, ಮರುದಿನ ಯುಗಾದಿ. ರೋಮನ್ ರೇನ್ಸ್ 1,316 ದಿನದಿಂದ ಬೆಲ್ಟು ಹಿಡಿದು ಕೂತಿದ್ದ. ಹಿಂದಿನ ವರ್ಷ ಕೋಡಿಯೇ ಗೆಲ್ಲುತ್ತಾನೆ ಅಂತ ಕಾದವರಿಗೆಲ್ಲ ಕೊನೇ ಗಳಿಗೆಯಲ್ಲಿ ರೇನ್ಸ್ ಕಡೆಯ ಸೋಲೋ ಸಿಕೋವಾ ಬಂದು ಕೈ ಕೊಟ್ಟಿದ್ದ. ಅವತ್ತು ನನಗೆ ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗಬೇಕಿತ್ತು. ಸಂಜೆ ನೋಡೋಣ, ಅಲ್ಲಿಯವರೆಗೆ ಯಾರೂ ಫಲಿತಾಂಶ ಹೇಳಬಾರದು ಅಂತ ಫೋನ್ ಆಫ್ ಮಾಡಿ ಬ್ಯಾಗಿಗೆ ಹಾಕಿದೆ. ಅದೇ ದಿನ ಮದ್ದೂರಿನಿಂದ ಅತ್ತೆ ಹೊರಟಿದ್ದರು, ಹೊಸತೊಡಕಿಗೆ ಅಂತ ಒಂದು ನಾಟಿ ಕೋಳಿ ಹಿಡಿದುಕೊಂಡು. ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಅತ್ತೆಗೆ ಉಚಿತ, ಕೋಳಿಗೆ ಟಿಕೆಟ್. ಆ ಸಿಟ್ಟಿನಲ್ಲೇ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅಳಿಯನಿಗೆ ಫೋನ್ ಮಾಡಿದ್ದಾರೆ, ಮಾಡಿದ್ದಾರೆ, ಮಾಡುತ್ತಲೇ ಇದ್ದಾರೆ. ಏಪ್ರಿಲ್ ಬಿಸಿಲು. ಕೊನೆಗೆ ಆಟೋ ಹಿಡಿದು ಮನೆಗೆ ಬಂದರು. ನಾನು ಸಂಜೆ ಬಂದಾಗ ಅತ್ತೆ ನನ್ನ ಜೊತೆ ಮಾತಾಡಲಿಲ್ಲ. ಗೋಡೆ ನೋಡಿಕೊಂಡು ಮಗಳಿಗೆ ಹೇಳಿದರು, "ಅಳಿಯಂದ್ರು ದೊಡ್ಡೋರು ಕಣವ್ವ, ಫೋನ್ ಎತ್ತೋಕ್ಕಾಯ್ತದಾ?" ಇದನ್ನಾದರೂ ತಡೆದುಕೊಳ್ಳುತ್ತಿದ್ದೆ. ಅತ್ತೆಯ ಬ್ಯಾಗು ಹೊತ್ತು ತಂದು ಕೊಟ್ಟಿದ್ದ ಪಕ್ಕದ ಮನೆ ಹುಡುಗ ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದ. ನನ್ನನ್ನು ನೋಡಿದವನೇ, "ಅಂಕಲ್, ಕೋಡಿ ಗೆದ್ದ! ಅಂಡರ್‌ಟೇಕರ್ ಬಂದು ರಾಕ್‌ಗೆ ಚೋಕ್‌ಸ್ಲ್ಯಾಮ್ ಹಾಕ್ದ!" ಅಂದ.

ಸೀನಾ ವಿಷಯ ಬೇಗ ಮುಗಿಸುತ್ತೇನೆ, ಹೊಟ್ಟೆ ಉರಿಯುತ್ತದೆ. 2025ರ ಮಾರ್ಚ್‌ನಲ್ಲಿ ಅವನನ್ನು ಕತೆಯಲ್ಲಿ ಕೆಟ್ಟವನನ್ನಾಗಿ ಮಾಡಿದರು. ಅದನ್ನು ಮಾಡಿಸಿದ ರಾಕ್ ಮುಂದಿನ ರೆಸಲ್‌ಮೇನಿಯಾಕ್ಕೆ ಬರಲೇ ಇಲ್ಲ. ಅವನ ಬದಲು ಒಬ್ಬ ರ‍್ಯಾಪರ್ ಬಂದು ಗೆಲ್ಲಿಸಿ ಹೋದ. ಆಗಸ್ಟ್ ಹೊತ್ತಿಗೆ ಸೀನಾ ಮತ್ತೆ ಒಳ್ಳೆಯವನು. ಡಿಸೆಂಬರ್‌ನಲ್ಲಿ ಕೊನೇ ಪಂದ್ಯ, ಗುಂಥರ್ ಹಿಡಿತದಲ್ಲಿ ನಗುನಗುತ್ತಾ ಕೈ ತಟ್ಟಿ ಸೋಲೊಪ್ಪಿಕೊಂಡ. ಹೋಗುವವನು ಇನ್ನೊಬ್ಬನನ್ನು ಗೆಲ್ಲಿಸಿ ಹೋಗಬೇಕು, ಅದು ಅಲ್ಲಿನ ಹಳೇ ಪದ್ಧತಿ, ಒಪ್ಪುತ್ತೇನೆ. ಆದರೆ ಇಷ್ಟು ವರ್ಷ ಯಾವತ್ತೂ ಬಿಟ್ಟುಕೊಡಬೇಡ ಅಂತ ಅಂಗಿ ಮೇಲೆ ಬರೆಸಿಕೊಂಡು ಓಡಾಡಿದವನ ಕೈಲಿ ಅದನ್ನೇ ಮಾಡಿಸಬೇಕಾ? ನನ್ನ ಮಗ ಮಾರನೇ ದಿನ ಗಣಿತದ ಪುಸ್ತಕ ಮುಚ್ಚಿಟ್ಟ. "ಸೀನಾನೇ ಬಿಟ್ಟುಕೊಟ್ಟ" ಅಂದ. ನಾನು ಏನು ಉತ್ತರ ಹೇಳಲಿ?

ನಿಮಗೇನು ಗೊತ್ತು ಬರೆಯುವವರ ಕಷ್ಟ ಅಂತ ಹೆಂಡತಿ ಕೇಳುತ್ತಾಳೆ. ಗೊತ್ತು, ನಾನೂ ಬುಕಿಂಗ್ ಮಾಡಿದ್ದೇನೆ. ನಮ್ಮ ಬಡಾವಣೆಯ ಗಣೇಶೋತ್ಸವಕ್ಕೆ ಮಕ್ಕಳ ಕಾರ್ಯಕ್ರಮದಲ್ಲಿ ಹತ್ತು ನಿಮಿಷದ ಒಂದು ಕುಸ್ತಿ ಬರೆದುಕೊಟ್ಟೆ. ವೇದಿಕೆ ಮೇಲೆ ಹಾಸಿಗೆ, ಎರಡು ಹುಡುಗರು, ಒಬ್ಬ ರೆಫರಿ. ಎರಡನೇ ಕ್ರಾಸಿನ ಹುಡುಗ ಖಳನಾಯಕ, ಎಲ್ಲರಿಗೂ ಮೋಸ ಮಾಡಿ ಕೊನೆಗೆ ಸೋಲಬೇಕು. ನನ್ನ ಮಗ ಗೆಲ್ಲಬೇಕು. ಇದರಲ್ಲಿ ಪಕ್ಷಪಾತ ಇಲ್ಲ, ಕತೆಗೆ ಅದು ಬೇಕಿತ್ತು. ತಾಲೀಮಿನಲ್ಲಿ ಚೆನ್ನಾಗಿಯೇ ಬಂತು. ಅವತ್ತು ಮಾತ್ರ ಆ ಖಳನಾಯಕನ ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಅಜ್ಜಿ ಎದುರಿಗೆ ಸೋಲಲು ಅವನು ತಯಾರಿಲ್ಲ. ನನ್ನ ಮಗ ಮೇಲೆ ಬಿದ್ದು ಚಿತ್ ಮಾಡುತ್ತಾನೆ, ಇವನು ಕೊಸರಿಕೊಂಡು ಏಳುತ್ತಾನೆ. ಅಷ್ಟರಲ್ಲಿ ಒಂದು ಸಲ ಬಿಗಿಯಾಗಿ ಸಿಕ್ಕಿಬಿದ್ದ. ರೆಫರಿ ಮೂರು ಎಣಿಸಿ ನಿಲ್ಲಿಸಬೇಕಿತ್ತು. ಅವನು ಒಂದನೇ ಕ್ಲಾಸು. ಮೈಕಿನಲ್ಲಿ ಒಂದು, ಎರಡು, ಮೂರು, ನಾಲ್ಕು, ಐದು ಅಂತ ರಾಗವಾಗಿ ಮುಂದುವರಿಸಿದ, ಜನ ಜೊತೆಗೆ ಎಣಿಸಿದರು, ಅವನಿಗೆ ಇನ್ನೂ ಹುರುಪು ಬಂತು.

1997ರಲ್ಲಿ ಡಬ್ಲ್ಯೂಸಿಡಬ್ಲ್ಯೂ ಅನ್ನೋ ಎದುರಾಳಿ ಕುಸ್ತಿ ಕಂಪನಿಯ ಸ್ಟಾರ್‌ಕೇಡ್‌ನಲ್ಲಿ ಸ್ಟಿಂಗ್ ಮತ್ತು ಹಲ್ಕ್ ಹೋಗನ್ ಪಂದ್ಯ ಹಾಳಾದದ್ದೂ ರೆಫರಿ ಎಣಿಕೆಯಿಂದಲೇ. ಮೋಸದಿಂದ ಬೇಗ ಎಣಿಸಿದ ಅಂತ ಕತೆ, ಎಣಿಸಿದ್ದು ಮಾಮೂಲಿ ವೇಗದಲ್ಲಿ. ಅಷ್ಟು ದೊಡ್ಡ ಕಂಪನಿಗೇ ಹಾಗಾಗಿದೆ ಅಂತ ನಾನು ವೇದಿಕೆ ಪಕ್ಕದಲ್ಲಿ ನಿಂತು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಎಣಿಕೆ ಹದಿನೇಳಕ್ಕೆ ಬಂದಿತ್ತು. ಅಜ್ಜಿ ಸೆರಗು ಸಿಕ್ಕಿಸಿ ವೇದಿಕೆ ಹತ್ತಿದರು. ನನ್ನ ಮಗನ ಕಿವಿ ಹಿಡಿದು ಎಬ್ಬಿಸಿ, ಮೊಮ್ಮಗನ ಕೈ ಹಿಡಿದು ಮೇಲೆತ್ತಿದರು. ಚಪ್ಪಾಳೆಯೋ ಚಪ್ಪಾಳೆ. ಮಾವ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು. "ಹೊರಗಿನೋರು ಬಂದು ಗೆಲ್ಲಿಸಿದ್ರು ಕಣ್ಲಾ, ನಿನ್ನ ಟೀವಿ ಥರಾನೇ ಮಾಡಿದ್ದೀಯ" ಅಂದರು.

ಬರೆದದ್ದು ಸರಿಯಾಗಿತ್ತು ಅಂತ ನಾನು ಈಗಲೂ ಹೇಳುತ್ತೇನೆ. ಮುಂದಿನ ಗಣೇಶನಿಗೆ ಎರಡನೇ ಭಾಗ, ಸೋತ ಅವಮಾನಕ್ಕೆ ನನ್ನ ಮಗ ಸೇಡು ತೀರಿಸಿಕೊಳ್ಳುವುದು ಅಂತ ಕತೆ ರೆಡಿ ಮಾಡಿಕೊಂಡು ಸಮಿತಿಯವರ ಹತ್ತಿರ ಹೋದೆ. ಕತೆ ಪೂರ್ತಿ ಕೇಳಿದರು, ಚೆನ್ನಾಗಿದೆ ಅಂದರು. ಆಮೇಲೆ ಒಬ್ಬರು ಕೆಮ್ಮಿ, ಆ ಅಜ್ಜಿ ಈ ಸಲ ಪೆಂಡಾಲಿನ ಖರ್ಚು ಪೂರ್ತಿ ಕೊಡುತ್ತಿದ್ದಾರೆ, ಮೊಮ್ಮಗ ಮತ್ತೆ ಗೆಲ್ಲುತ್ತಾನೆ ಅಂದರು. ಚರ್ಚೆ ಮಾಡೋಣ ಅಂದೆ. ಚರ್ಚೆಗೆ ಏನೂ ಉಳಿದಿಲ್ಲ, ರಶೀದಿ ಆಗಲೇ ಹರಿದಾಗಿದೆಯಂತೆ.