ಆಟ ಮುಗಿಸಿಕೊಂಡು ಮಕ್ಕಳ ಹತ್ತಿರ ಹೋಗಬೇಡಿ

ಮಕ್ಕಳಿಗೆ ಕಲಿಕೆಯ ಆಟ ಮಾಡುತ್ತಿರುವವರು ದಯವಿಟ್ಟು ಇದನ್ನು ಓದಿ. ಆಟವನ್ನೆಲ್ಲ ನೀವೇ ಮುಗಿಸಿ, ಕೊನೆಗೆ ಮಕ್ಕಳ ಕೈಗಿಟ್ಟು "ಹೆಂಗೈತಿ?" ಅಂತ ಕೇಳಬೇಡಿ. "ಭಾರಿ ಐತ್ರಿ ಸರ್" ಅಂತಾರೆ. ದೊಡ್ಡವರು ಎದುರಿಗೆ ನಿಂತು ಕೇಳಿದರೆ ಇನ್ನೇನು ಹೇಳ್ತಾರೆ ಅಲ್ವಾ?

ನಾವು ಮೂವರು ಗೆಳೆಯರು ಹುಬ್ಬಳ್ಳಿಯಲ್ಲಿ ಆರು ತಿಂಗಳು ರಾತ್ರಿ ಕೂತು ಭಿನ್ನರಾಶಿ ಕಲಿಸುವ ಮೊಬೈಲ್ ಆಟ ಮಾಡಿದೆವು. ಕೇಕ್ ಕತ್ತರಿಸಿ ಕಾಲು, ಅರ್ಧ, ಮುಕ್ಕಾಲು ಹಂಚುವ ಆಟ. ಗದಗ ಹತ್ತಿರದ ಒಂದು ಹಳ್ಳಿಯಲ್ಲಿ ಆರನೇ ತರಗತಿ ಮಕ್ಕಳಿಗೆ ಕೊಟ್ಟೆವು. ಎಲ್ಲರೂ ಚಲೋ ಐತಿ ಅಂದರು. ಆಮೇಲೆ ಸುಮ್ನೆ ಹಿಂದೆ ನಿಂತು ನೋಡಿದೆ. ಒಬ್ಬ ಹುಡುಗ ಬೇಕಂತಲೇ ತಪ್ಪು ಉತ್ತರ ಒತ್ತುತ್ತಿದ್ದ. ಯಾಕೋ ಅಂದರೆ, "ತಪ್ಪಾದ್ರ ಗಡಿಗಿ ಒಡಿತೈತ್ರಿ, ಅದ ಮಜಾ ಐತಿ." ಸರಿ ಉತ್ತರಕ್ಕೆ ನಾವು ಇಟ್ಟಿದ್ದು ಒಂದು ನಕ್ಷತ್ರ, ಅಷ್ಟೇ. ತಪ್ಪಿಗೇ ಜಾಸ್ತಿ ಬಹುಮಾನ ಸಿಗುವ ಆಟ ಅದು, ಆರು ತಿಂಗಳಲ್ಲಿ ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಇನ್ನೊಂದು ಮೂಲೆಯಲ್ಲಿ ನಾಲ್ಕು ಹುಡುಗಿಯರ ನಡುವೆ ಒಂದು ಫೋನು. ಮನೆಯಲ್ಲೂ ಹಾಗೇ, ಅಪ್ಪ ಹೊಲದಿಂದ ಬಂದ ಮೇಲೆ ಸಿಗುವ ಒಂದೇ ಫೋನಿಗೆ ಅಣ್ಣ, ತಂಗಿ, ಪಕ್ಕದ ಮನೆಯವರು ಎಲ್ಲ ಕಾಯ್ತಿರ್ತಾರೆ. ನಮ್ಮ ಆಟವೋ ಒಬ್ಬರಿಗೆ ಮಾತ್ರ. ಅವರಲ್ಲಿ ಒಬ್ಬಳ ತಾಯಿ ಸಂತೆಯಲ್ಲಿ ಕಾಯಿಪಲ್ಯೆ ಮಾರುತ್ತಾರೆ. ಪರದೆ ಮೇಲೆ ಒಂದೂವರೆ ಅಂತ ಬಂದಾಗ ಗಕ್ಕನೆ ನಿಂತಳು, ಸ್ವಲ್ಪ ಹೊತ್ತು ನೋಡಿ, "ಇದು ದೀಡ ಏನ್ರಿ?" ಅಂದಳು. ದೀಡ ಕಿಲೋ ಬದನೆಕಾಯಿ, ಪಾವ (ಕಾಲು) ಕಿಲೋ ಮೆಣಸಿನಕಾಯಿ, ಎಲ್ಲದರ ಲೆಕ್ಕ ಅವಳ ನಾಲಿಗೆ ಮೇಲಿತ್ತು. ಅವಳಿಗೆ ನಾವು ಕೇಕ್ ಕೊಟ್ಟಿದ್ದೆವು.

ಅಮೆರಿಕದ ಅಲಿಸನ್ ಡ್ರೂಯಿನ್ ಎಂಬ ಸಂಶೋಧಕಿ 2002ರಲ್ಲಿ ಬರೆದ ಲೇಖನವೊಂದಿದೆ. ತಂತ್ರಜ್ಞಾನ ರೂಪಿಸುವಾಗ ಮಕ್ಕಳಿಗೆ ನಾಲ್ಕು ಪಾತ್ರ ಇರಬಹುದು ಅಂತಾರೆ: ಬಳಸುವವರು, ಪರೀಕ್ಷೆ ಮಾಡುವವರು, ಮಾಹಿತಿ ಕೊಡುವವರು, ಜೊತೆಗೆ ಕೂತು ರೂಪಿಸುವವರು. ನಾವು ಎರಡನೆಯದಕ್ಕೇ ನಿಂತಿದ್ದೆವು. ಗಡಿಗೆಯ ತಪ್ಪು ಪರೀಕ್ಷೆಯಲ್ಲಿ ಸಿಕ್ಕಿತು, ತಿದ್ದಿದೆವು. ಆದರೆ ಕೇಕ್ ತೆಗೆಯಬೇಕೆಂದರೆ ಇಡೀ ಆಟವನ್ನೇ ಕೆಡವಬೇಕು. ರಟ್ಟಿನ ಮೇಲೆ ಗೆರೆ ಎಳೆಯುವಾಗಲೇ ಆ ಹುಡುಗಿ ಪಕ್ಕದಲ್ಲಿದ್ದಿದ್ದರೆ ಐದು ನಿಮಿಷದ ಕೆಲಸ.

ಇನ್ನೊಂದು ಮಾತು. ಶಾಲೆಗೆ ಹೋಗಿ ಮಕ್ಕಳು ಬೇಕು ಅಂದರೆ ಜಾಣರನ್ನೇ ಆರಿಸಿ ಕಳಿಸ್ತಾರೆ. ಹಿಂದಿನ ಬೆಂಚಿನವರನ್ನೂ ಕೇಳಿ ಕರೆಸಿಕೊಳ್ಳಿ, ಗಣಿತ ಅಂದರೆ ಹೆದರುವವರೇ ಈ ಆಟವನ್ನು ಆಡಬೇಕಾದವರು. ಮನೆಯವರ ಒಪ್ಪಿಗೆ ಮೊದಲೇ ತಗೊಳ್ಳಿ. ಅವರು ಒಪ್ಪಿದರೆ ಆಟದಲ್ಲಿ ಮಕ್ಕಳ ಹೆಸರೂ ಬರಲಿ.

ನಾವು ಮತ್ತೆ ಮೊದಲಿನಿಂದ ಶುರು ಮಾಡಿದ್ದೇವೆ. ಫೋನು ಇನ್ನೂ ಮುಟ್ಟಿಲ್ಲ. ರಟ್ಟು, ಚಾಕ್‌ಪೀಸು, ನಾಲ್ಕು ಕವಡೆ. ಹೋದ ವಾರ ಅದೇ ಹುಡುಗಿಯರು ಚೌಕಾಬಾರದ ನಿಯಮ ಬದಲಿಸಿದರು. ಒಂದು ಬಿದ್ದರೆ ಪಾವ ಕಿಲೋ, ಮೂರು ಬಿದ್ದರೆ ಮುಕ್ಕಾಲು, ಚೌಕಾ (ನಾಲ್ಕು) ಬಿದ್ದರೆ ಒಂದು ಕಿಲೋ, ಬಾರಾ (ಎಂಟು) ಬಿದ್ದರೆ ಎರಡು. ಐದು ಕಿಲೋ ಮೊದಲು ತೂಗಿದವರು ಗೆದ್ದಂತೆ.